ಹೊತ್ತಿಗೆ ಮುಂಚೆ ಬಂದ ಚೆಲುವಿ

ನಮ್ಮತ್ತೆಯನ್ನು ಹುಡುಕಿಕೊಂಡು ಬರುವವರಲ್ಲಿ ಎರಡು ಬಗೆ. ಸ್ವೆಟರಿಗೆ ಅಳತೆ ಕೊಡಲು ಬಂದವರು ಬಾಗಿಲು ತಟ್ಟಿ ವರಾಂಡದಲ್ಲಿ ಕೂರುತ್ತಾರೆ. ಪೇಚಿಗೆ ಸಿಕ್ಕಿಕೊಂಡು ಬಂದವರು ನೇರ ಅಡುಗೆಮನೆಗೇ ನುಗ್ಗುತ್ತಾರೆ. ಆ ಬೆಳಿಗ್ಗೆ ಕಂಟ್ರೋಲ್ ರೂಮಿನ ಹುಡುಗಿ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದಾಗ ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಬಾಯಿಗೆ ಇಡುವುದರಲ್ಲಿದ್ದೆ.

"ಅಮ್ಮಾ, ನನ್ ಕೆಲ್ಸ ಹೋಯ್ತು" ಎಂದಳು ಅವಳು. "ಇವತ್ತು ಸಾಯಂಕಾಲ ಸಾಹೇಬ್ರು ಸಹಿ ಹಾಕ್ತಾರಂತೆ."

"ಸಾಯಂಕಾಲ ಅಲ್ವಾ? ಹಾಗಾದ್ರೆ ಇನ್ನೂ ಹೋಗಿಲ್ಲ" ಎಂದರು ಅತ್ತೆ, ಹೆಣಿಗೆಯಿಂದ ಕಣ್ಣೆತ್ತದೆ. "ಕೂತ್ಕೋ ಮಗೂ. ಅಳಿಯಂದ್ರೇ, ಆ ಬ್ರೆಡ್ಡು ಸ್ವಲ್ಪ ಈ ಕಡೆ ತಳ್ಳಿ."

ನನ್ನ ಬ್ರೆಡ್ಡು ಕಣ್ಣೆದುರೇ ಪರರ ಪಾಲಾಯಿತು. ಇದು ಹೊಸದೇನಲ್ಲ. ನಾನು ಕಾಲೊನಿಯ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅತ್ತೆ ಎಣ್ಣೆ ಕಂಪನಿಯ ಪ್ರಯೋಗಶಾಲೆಯ ಮುಖ್ಯಸ್ಥೆಯಾಗಿದ್ದು, ನಿವೃತ್ತಿಯಾದ ಮೇಲೆ ಮಗಳ ಮನೆ ಎಂದು ನಮ್ಮಲ್ಲಿಗೆ ಬಂದವರು. ಬಂದ ತಿಂಗಳೇ ಕ್ಲಬ್ಬಿನ ಕೇಕು ಕದ್ದವರು ಯಾರೆಂದು ಪತ್ತೆ ಮಾಡಿದರು. ಆಮೇಲೆ ಡಾಕ್ಟರ ಸ್ಕೂಟರಿನ ಗಾಳಿ ತೆಗೆಯುತ್ತಿದ್ದವರನ್ನು ಹಿಡಿದರು. ಅಂದಿನಿಂದ ಕಾಲೊನಿಯಲ್ಲಿ ಯಾರ ಚಮಚ ಕಳೆದರೂ ನಮ್ಮ ಮನೆಯಲ್ಲಿ ಟೀ ಖರ್ಚಾಗುತ್ತದೆ. ನನ್ನ ಹೆಂಡತಿ ಗೊಣಗುತ್ತಾಳೆ. ನಾನು ಗೊಣಗುವುದಿಲ್ಲ, ಏಕೆಂದರೆ ಅತ್ತೆಯ ಹಿಂದೆ ಹಿಂದೆ ಹೋಗಿ ಮಂದಿಯ ವಿಷಯದಲ್ಲಿ ಮೂಗು ತೂರಿಸುವಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಇಲ್ಲ.

ಹುಡುಗಿ ಹೇಳಿದ ಕತೆ ಅರ್ಥವಾಗಬೇಕಾದರೆ ನಮ್ಮ ಪಂಪ್ ಸ್ಟೇಷನ್ನಿನ ವಿಷಯ ಒಂದಿಷ್ಟು ತಿಳಿದಿರಬೇಕು. ಇಲ್ಲಿಂದ ಕೆಳಗಿನ ಸ್ಟೇಷನ್ನಿಗೆ ನೆಲದಡಿಯ ಕೊಳವೆಯಲ್ಲಿ ಕಚ್ಚಾ ಎಣ್ಣೆ ಹರಿಯುತ್ತದೆ. ಈ ಎಣ್ಣೆಯಲ್ಲಿ ಮೇಣ ಬಹಳ. ಬಿಸಿಯಿರುವಾಗ ಅದು ಎಣ್ಣೆಯಲ್ಲಿ ಕರಗಿಕೊಂಡು ತೆಪ್ಪಗಿರುತ್ತದೆ. ಕೊಳವೆಯ ತಣ್ಣನೆ ಗೋಡೆ ತಗುಲಿದೊಡನೆ ಅಲ್ಲೇ ಅಂಟಿಕೊಳ್ಳುತ್ತದೆ. ಅದನ್ನು ಕೆರೆದು ತೆಗೆಯಲು ವಾರಕ್ಕೊಮ್ಮೆ ಕೊಳವೆಯೊಳಗೆ ಒಂದು ಸಾಧನ ಬಿಡುತ್ತಾರೆ. ಕಬ್ಬಿಣದ ಮೈ, ಹಿಂದೆ ಮುಂದೆ ದಪ್ಪ ರಬ್ಬರ್ ಬಿಲ್ಲೆಗಳು, ನಡುವೆ ತಂತಿಯ ಬ್ರಷ್ಷು. ಹಿಂದಿನಿಂದ ಎಣ್ಣೆಯೇ ಅದನ್ನು ತಳ್ಳಿಕೊಂಡು ಹೋಗುತ್ತದೆ. ಹೋಗುವಾಗ ಕಿರ್ರೋ ಎಂದು ಕಿರುಚುವುದರಿಂದ ಅದಕ್ಕೆ ಹಂದಿ ಎಂದೇ ಹೆಸರು. ನಮ್ಮ ಸ್ಟೇಷನ್ನಿನಲ್ಲಿ ಉಳಿದಿದ್ದ ಒಂದೇ ಒಂದು ಹಂದಿಯನ್ನು ಹುಡುಗಿಯ ಸೋದರಮಾವ ಚೆಲುವಿ ಎಂದು ಕರೆಯುತ್ತಿದ್ದ. ವರ್ಕ್‌ಶಾಪಿನ ಹಿರಿಯ ಫಿಟ್ಟರ್ ಆದ ಈ ಮಾವನೇ ಹುಡುಗಿಯನ್ನು ಚಿಕ್ಕಂದಿನಿಂದ ಸಾಕಿ ಓದಿಸಿದವನು.

"ಕೊಳವೇಲಿ ಒತ್ತಡ ಏರ್ತಾ ಇದೆ ಅಂತ ನಾನೇ ಸಾಹೇಬ್ರಿಗೆ ಮತ್ತೆ ಮತ್ತೆ ಹೇಳ್ದೆ ಅಮ್ಮ" ಎಂದಳು ಹುಡುಗಿ. "ನಿನ್ನೆ ಒಂದು ವಾಲ್ವ್ ಬದಲಾಯಿಸೋಕೆ ದಾರಿ ಮಧ್ಯೆ ಕೊಳವೆ ಕತ್ತರಿಸಿದ್ರು. ಒಳಗಡೆ ನೋಡಿದ್ರೆ ಮೇಣ ಸೋಪಿನ ಥರ ಗಟ್ಟಿಯಾಗಿ ಕೂತಿದೆ. ವಾರವಾರ ಹಂದಿ ಹೋಗಿದ್ರೆ ಇಷ್ಟು ಹಳೇ ಮೇಣ ಇರೋಕೆ ಸಾಧ್ಯವೇ ಇಲ್ಲ, ನೀನು ಹಂದೀನ ಕೊಳವೆಗೆ ಬಿಟ್ಟೇ ಇಲ್ಲ ಅಂತಾರೆ."

"ಮತ್ತೆ ಕೆಳಗಿನ ಸ್ಟೇಷನ್ನಿಗೆ ಅದು ಹೇಗೆ ಬಂತು ಅಂತೆ?" ಎಂದೆ ನಾನು.

"ಪಿಕಪ್ಪಲ್ಲಿ! ಕೆಳಗಡೆ ಹಂದೀನ ಹೊರಗೆ ತೆಗೆದು ಪಿಕಪ್ಪಲ್ಲಿ ವಾಪಸ್ ತರೋನು ಇದಾನಲ್ಲ, ಅವನೂ ನಾನೂ ಸೇರ್ಕೊಂಡು ಹಂದೀನ ಗಾಡೀಲೇ ಹೋಗ್ತಾ ಬರ್ತಾ ಸುತ್ತಾಡಿಸಿದೀವಂತೆ. ಉಳಿದ ಹೊತ್ತಲ್ಲಿ ನಾನು ಬಡ್ತಿ ಪರೀಕ್ಷೆಗೆ ಓದ್ಕೊಂಡೆನಂತೆ."

ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದಳು. ಬರುವ ತಿಂಗಳು ಕಂಟ್ರೋಲ್ ರೂಮಿನ ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂರಬೇಕಾದವಳು ಈಗ ನಮ್ಮ ಅಡುಗೆಮನೆಯ ಮಣೆಯ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮುಂದಿದ್ದ ಬ್ರೆಡ್ಡನ್ನು ಅವಳು ಮುಟ್ಟಿರಲಿಲ್ಲ. ಹಸಿವಿದ್ದರೂ ನಾನು ಅದನ್ನು ವಾಪಸ್ ಕೇಳಲಿಲ್ಲ.

ಅತ್ತೆ ಉಲ್ಲನ್ ಉಂಡೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. "ಹಂದಿ ಗಾಡೀಲಿ ಹೋಯ್ತೋ ಕೊಳವೇಲಿ ಹೋಯ್ತೋ ಅಂತ ಮೇಣವನ್ನೇ ಕೇಳೋಣ, ನಡೀರಿ" ಎಂದರು.

ಸ್ಟೇಷನ್ನಿನ ಎಂಜಿನಿಯರನ್ನು ಎಲ್ಲರೂ ಇಸ್ತ್ರಿ ಸಾಹೇಬರು ಎನ್ನುತ್ತಿದ್ದರು. ಎಣ್ಣೆ, ಮಸಿ, ಗ್ರೀಸಿನ ನಡುವೆ ಓಡಾಡಿಯೂ ಅವರ ಅಂಗಿಯ ಗೆರೆ ಮುರಿದದ್ದನ್ನು ಕಂಡವರಿಲ್ಲ. ಮನುಷ್ಯ ಕೆಟ್ಟವರಲ್ಲ; ಆದರೆ ಒಮ್ಮೆ ಒಂದು ತೀರ್ಮಾನಕ್ಕೆ ಬಂದರೆ ಅದಕ್ಕೂ ಇಸ್ತ್ರಿ ಹಾಕಿ ಮಡಿಸಿಟ್ಟುಬಿಡುತ್ತಿದ್ದರು. ಅವರ ಮೇಜಿನ ಮೇಲೆ, ಹರಡಿದ ಪೇಪರಿನಲ್ಲಿ, ಕೊಳವೆಯಿಂದ ಬಿಡಿಸಿ ತೆಗೆದ ಮೇಣದ ತುಂಡೊಂದು ಮುರಿದ ದಪ್ಪ ಬಳೆಯ ಹಾಗೆ ಬಿದ್ದಿತ್ತು.

"ನೋಡಿ ಮೇಡಂ, ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ" ಎಂದರು ಸಾಹೇಬರು. "ಇದು ತಿಂಗಳುಗಟ್ಟಲೆ ಹಳೇದು."

"ಹಳೇದೇ" ಎಂದು ಅತ್ತೆ ಒಪ್ಪಿಕೊಂಡುಬಿಟ್ಟಾಗ ಹುಡುಗಿಯ ಮುಖ ಬಾಡಿಹೋಯಿತು. ಅತ್ತೆ ಹೆಣಿಗೆಯ ಕಡ್ಡಿಯೊಂದನ್ನು ತೆಗೆದು, ಎಣ್ಣೆ ಹರಿಯುವ ಒಳಮೈಯಿಂದ ಮೇಣಕ್ಕೆ ಚುಚ್ಚಿದರು. ಮೊದಲು ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ನಡುವೆ ತಡವರಿಸಿತು. ಕೊಳವೆಯ ಗೋಡೆಗೆ ಅಂಟಿಕೊಂಡಿದ್ದ ಹೊರಮೈ ಹತ್ತಿರ ಹೋದಾಗ ನಿಂತೇಬಿಟ್ಟಿತು. ಅತ್ತೆ ತಲೆದೂಗಿ, ಉಗುರಿನಿಂದ ಒಳಮೈಯ ಒಂದು ಪದರ ಎಬ್ಬಿಸಿದರು. ಮೇಲಿನ ಪದರದಲ್ಲಿ ಕೊಳವೆಯ ಉದ್ದಕ್ಕೂ ಸಣ್ಣ ಸಣ್ಣ ಗೀರುಗಳಿದ್ದವು. ಕೆಳಗಿನ ಪದರದಲ್ಲೂ ಅಂಥವೇ ಗೀರುಗಳು.

"ಗರಗಸದ ಗುರುತು" ಎಂದೆ ನಾನು, ನನಗೂ ಕಣ್ಣಿದೆ ಎಂದು ತೋರಿಸಿಕೊಳ್ಳಲು.

"ಹೌದು, ಕೊಳವೆ ಕತ್ತರಿಸಿದಾಗ ಆಗಿರೋದು" ಎಂದರು ಸಾಹೇಬರು. ಅವರು ನನ್ನ ಮಾತನ್ನು ಒಪ್ಪಿದ್ದು ಅದೇ ಮೊದಲು. ನಾನು ಉಬ್ಬಿಹೋದೆ.

"ಹಾಗಾ?" ಎಂದಷ್ಟೇ ಅತ್ತೆ ಅಂದರು. "ಸಾಹೇಬ್ರೇ, ಸಂಜೆ ಸಹಿ ಹಾಕೋ ಮುಂಚೆ ಒಂದ್ಸಲ ವರ್ಕ್‌ಶಾಪಿಗೆ ಬರ್ತೀರಾ? ಒಂದು ಲೋಟ ಟೀ ಕುಡಿಯೋ ಹೊತ್ತು ಸಾಕು."

ಸಾಹೇಬರು ಬರುತ್ತೇನೆ ಎಂದರು. ಅತ್ತೆಯ ಎದುರು ಇಲ್ಲ ಎನ್ನುವ ಎದೆಗಾರಿಕೆ ನಮ್ಮ ಕಾಲೊನಿಯಲ್ಲಿ ನನ್ನ ಹೆಂಡತಿಗೆ ಮಾತ್ರ ಇದೆ.

ವರ್ಕ್‌ಶಾಪಿನಲ್ಲಿ ಫಿಟ್ಟರ್ ಮಾವ ಚೆಲುವಿಯನ್ನು ಎರಡು ಮರದ ದಿಮ್ಮಿಗಳ ಮೇಲೆ ಕೂರಿಸಿ, ಹಳೆ ಬಟ್ಟೆಯಿಂದ ಅದರ ಮೈ ಉಜ್ಜುತ್ತಿದ್ದ. ನಮ್ಮನ್ನು ಕಂಡವನೇ ಸೊಸೆಯ ಪರ ವಕಾಲತ್ತು ಶುರು ಮಾಡಿದ.

"ಅಕ್ಕಾವ್ರೇ, ಇದೆಂಥಾ ಅನ್ಯಾಯ! ವಾರವಾರ ಚೆಲುವೀನ ಕೊಳವೆ ಬಾಯಿಗೆ ಕೂರಿಸೋನು ನಾನು. ಈ ಕೈಯಲ್ಲಿ! ಬಾಗಿಲು ಹಾಕಿ ಎಣ್ಣೆ ಬಿಡೋಳು ನಮ್ಮ ಪುಟ್ಟಿ. ಕಣ್ಣಾರೆ ಕಂಡಿದೀನಿ ಅಂದ್ರೆ ಸಾಹೇಬ್ರು ನಂಬಲ್ಲ. ನೀನು ಅವಳ ಮಾವ, ನೀನು ಹೇಳೋದೇ ಹಾಗೆ ಅಂತಾರೆ."

"ಕೂರಿಸೋದು ಕಷ್ಟದ ಕೆಲ್ಸ ಅಲ್ವಾ? ಬಿಲ್ಲೆ ಕೊಳವೆಗಿಂತ ಒಂದು ಚೂರು ದೊಡ್ಡದಿರುತ್ತೆ. ಒತ್ತಿ ತುರುಕಬೇಕು" ಎಂದರು ಅತ್ತೆ.

"ಮುಂಚೆ ಕಷ್ಟ ಇತ್ತು. ಇಬ್ಬರು ಆಳು, ಒಂದು ಗಳ, ಐಸಾ ಅಂತ ತಳ್ಬೇಕಿತ್ತು. ಈಗ ಚೆಲುವಿ ನನ್ನ ಮಾತು ಕೇಳ್ತಾಳೆ. ಒಂದೇ ಕೈಲಿ ಕೂರಿಸ್ತೀನಿ!" ಮಾವ ಎದೆ ಸೆಟೆಸಿ ನಕ್ಕ. "ವಯಸ್ಸಾದ್ರೂ ಕೈಲಿ ಕಸುವಿದೆ ಅಕ್ಕಾವ್ರೇ."

ಹೀಗೆನ್ನುತ್ತಾ ನಮಗೆ ಟೀ ಬಗ್ಗಿಸಿಕೊಟ್ಟ. ಕೆಟಲಿನ ಹಿಡಿ ಕೈ ಸುಡದಿರಲೆಂದು ಅದಕ್ಕೆ ಕಪ್ಪು ರಬ್ಬರಿನ ಸಣ್ಣ ಪಟ್ಟಿಗಳನ್ನು ಒಂದರ ಪಕ್ಕ ಒಂದು ಒತ್ತಾಗಿ ಸುತ್ತಿದ್ದ. ಅವನ ಸ್ಟೂಲಿನ ಕಾಲುಗಳಿಗೂ ಅದೇ ಪಟ್ಟಿ. ಎಷ್ಟು ಅಚ್ಚುಕಟ್ಟು ಎಂದು ನಾನು ಮೆಚ್ಚಿಕೊಂಡೆ. ಮನೆಯ ಕೆಟಲಿಗೂ ಒಂದಿಷ್ಟು ಸುತ್ತಿಕೊಡಲು ಕೇಳಬೇಕೆಂದು ಮನಸ್ಸಿನಲ್ಲೇ ಅಂದುಕೊಂಡೆ.

"ಮಿಕ್ಕ ಹಂದಿಗಳೆಲ್ಲ ಎಲ್ಲಿ ಹೋದ್ವು?" ಎಂದು ಅತ್ತೆ ಕೇಳಿದರು.

ಮಾವನ ನಗು ಮಾಯವಾಯಿತು. "ಗುಜರಿಗೆ" ಎಂದ. "ಇಸ್ತ್ರಿ ಸಾಹೇಬ್ರು ಬಂದ್ಮೇಲೆ ಹೊಸ ಕಾನೂನು. ಬಿಲ್ಲೆ ಹರಿದ ಹಂದಿ ಕಂಡ್ರೆ ಆ ಹಂದೀನೇ ತೆಗೆದು ಬಿಸಾಕಿ, ಹೊಸದು ತರಿಸಿ ಅಂತ. ಕಬ್ಬಿಣ ಗಟ್ಟಿಮುಟ್ಟಾಗಿರುತ್ತೆ, ಆದ್ರೂ ಬಿಸಾಕೋದು. ಒಂದೊಂದಾಗಿ ಎಲ್ಲಾ ಹೋದ್ವು, ಹೊಸದು ಇನ್ನೂ ಬಂದಿಲ್ಲ. ಇವಳೊಬ್ಬಳು ಒಂದು ಗೀರೂ ಇಲ್ದೆ ಬರ್ತಾಳೆ, ಉಳ್ಕೊಂಡಿದಾಳೆ." ಹೀಗೆ ಹೇಳಿ ಚೆಲುವಿಯ ಬೆನ್ನು ತಟ್ಟಿದ.

ಹೌದು, ಚೆಲುವಿಯ ಬಿಲ್ಲೆಗಳ ಅಂಚು ಈಗ ತಾನೇ ಅಂಗಡಿಯಿಂದ ತಂದಂತೆ ನುಣುಪಾಗಿತ್ತು. ಅತ್ತೆ ಚೀಲದಿಂದ ಕೆಂಪು ಉಲ್ಲನ್ ಎಳೆಯೊಂದನ್ನು ತೆಗೆದು ಬಿಲ್ಲೆಯ ಸುತ್ತ ಒಮ್ಮೆ ಬಳಸಿ, ತುದಿ ಕೂಡಿದಲ್ಲಿ ಕತ್ತರಿಸಿಕೊಂಡರು. ನಂತರ ನನ್ನನ್ನು ಹಿಂದಿನ ಗುಜರಿ ರಾಶಿಗೆ ಕರೆದುಕೊಂಡು ಹೋಗಿ, ತುಕ್ಕು ಹಿಡಿದು ಬಿದ್ದಿದ್ದ ಹಂದಿಯೊಂದರ ಬಿಲ್ಲೆಗೆ ಹಸಿರು ಎಳೆ ಸುತ್ತಿ, ಅದನ್ನೂ ಹಾಗೇ ಕತ್ತರಿಸಿಕೊಂಡರು. ಅದರ ಅಂಚು ಅಲ್ಲಲ್ಲಿ ಇಲಿ ಕಡಿದಂತೆ ಹರಿದಿತ್ತು.

"ಅತ್ತೆ, ಹಂದಿಗೂ ಸ್ವೆಟರ್ ಹೆಣೀತೀರಾ?" ಎಂದೆ.

"ನಿಮ್ಮ ಹೊಟ್ಟೆ ಸುತ್ತಳತೆಗಿಂತ ಕಮ್ಮೀನೇ ಇದೆ, ಬೇಗ ಮುಗಿಯುತ್ತೆ" ಎಂದರು ಅತ್ತೆ. ನಾನು ಅಂಗಿಯನ್ನು ಕೆಳಗೆಳೆದುಕೊಂಡೆ.

ಮಧ್ಯಾಹ್ನಕ್ಕೆ ಕೆಳಗಿನ ಸ್ಟೇಷನ್ನಿನಿಂದ ಪಿಕಪ್ಪಿನವನು ಬಂದ. ಅವನ ಮೇಲೂ ಕತ್ತಿ ತೂಗುತ್ತಿದ್ದರೂ ಹಾಡು ಹೇಳಿಕೊಂಡೇ ಗಾಡಿಯಿಂದ ಇಳಿದ. ಕೆಳಗೆ ಹಂದಿಯನ್ನು ಹೊರತೆಗೆಯುವವನೂ ಅವನೇ, ತರುವವನೂ ಅವನೇ.

"ಈಚೆಗೆ ಚೆಲುವಿ ಬಂದಾಗ ಅವಳ ಮುಂದೆ ಮೇಣ ಎಷ್ಟು ಬರುತ್ತಪ್ಪಾ?" ಎಂದು ಕೇಳಿದರು ಅತ್ತೆ.

"ಮುಂಚೆ ಬಕೆಟ್‌ಗಟ್ಟಲೆ ಬರ್ತಿತ್ತು. ಈಗ ಏನಿಲ್ಲ ಅಮ್ಮ, ಒಂದಿಷ್ಟು ಮೆತ್ತಗೆ, ಮುಲಾಮಿನ ಥರ. ಕೊಳವೆ ಚೆನ್ನಾಗಿ ಕ್ಲೀನಾಗಿದೆ ಅಂತ ನಾನು ಖುಷಿಯಾಗಿದ್ದೆ."

"ಹೊತ್ತಿಗೆ ಸರಿಯಾಗಿ ಬರ್ತಾಳಾ?"

"ಹೊತ್ತಿಗೆ ಮುಂಚೇನೇ!" ಅವನು ಕಣ್ಣರಳಿಸಿದ. "ಮೊದ್ಲೆಲ್ಲ ನಾನು ಟೀ ಕುಡಿದು, ಪೇಪರ್ ಓದಿ, ಒಂದು ನಿದ್ದೆ ತೆಗೆದ ಮೇಲೆ ಬರ್ತಿದ್ಲು. ಬರ್ತಾ ಬರ್ತಾ ನಿದ್ದೆ ಹೋಯ್ತು. ಆಮೇಲೆ ಪೇಪರ್ ಅರ್ಧಕ್ಕೇ ನಿಂತ್ಹೋಯ್ತು. ಈಗಂತೂ ಟೀ ಮುಗ್ಸೋಕೂ ಬಿಡಲ್ಲ. ಸಾಹೇಬ್ರಿಗೆ ಇದನ್ನ ಹೆಮ್ಮೆಯಿಂದ ಹೇಳಿದ್ರೆ, ಗಾಡೀಲಿ ಬಂದ್ರೆ ಬೇಗ ಬರದೆ ಇನ್ನೇನು ಅಂತ ನನ್ನ ಮೇಲೇ ತಿರುಗಿಸಿದ್ರು!"

"ನಮ್ಮ ಪಂಪು ಗಂಟೆಗೆ ಕಳಿಸೋ ಎಣ್ಣೆ ಹೆಚ್ಚಾಗಿದ್ಯಾ ಮಗೂ?" ಎಂದು ಅತ್ತೆ ಹುಡುಗಿಯ ಕಡೆ ತಿರುಗಿದರು.

"ಇಲ್ಲಮ್ಮ, ಅಷ್ಟೇ ಎಣ್ಣೆ. ಅಷ್ಟನ್ನೇ ಕಳಿಸೋಕೆ ಪಂಪು ಜಾಸ್ತಿ ಏದುಸಿರು ಬಿಡ್ತಿದೆ, ಅದೇ ನನ್ನ ಚಿಂತೆ."

ಅತ್ತೆಯ ಮುಖದಲ್ಲಿ ನನಗೆ ಪರಿಚಯವಿದ್ದ ಬೆಳಕು ಮೂಡಿತು. ಆದರೆ ಮರುಕ್ಷಣವೇ ಅವರು ವರ್ಕ್‌ಶಾಪಿನ ಕಡೆ ನೋಡಿ ನಿಟ್ಟುಸಿರಿಟ್ಟರು. ಮನೆಗೆ ಹೋಗುವ ದಾರಿಯಲ್ಲಿ ನಾನು ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ. "ಒಬ್ಬರನ್ನ ಉಳಿಸೋಕೆ ಹೋಗಿ ಇನ್ನೊಬ್ಬರ ಮನಸ್ಸು ಮುರೀಬೇಕಲ್ಲ ಅಳಿಯಂದ್ರೇ, ಅದೇ ಬೇಜಾರು" ಎಂದರು.

ಸಂಜೆ ವರ್ಕ್‌ಶಾಪಿನಲ್ಲಿ ಎಲ್ಲರೂ ಸೇರಿದೆವು. ಸಾಹೇಬರು ಕುಳಿತರೆ ಅಂಗಿ ಮುದುಡೀತೆಂದು ನಿಂತೇ ಇದ್ದರು. ಹುಡುಗಿ ಗೋಡೆಗೆ ಒರಗಿದ್ದಳು. ಪಿಕಪ್ಪಿನವನ ಹಾಡು ನಿಂತಿತ್ತು. ಮಾವ ಎಲ್ಲರಿಗೂ ಟೀ ಕೊಟ್ಟು ಚೆಲುವಿಯ ಪಕ್ಕ ಹೋಗಿ ನಿಂತ. ಅತ್ತೆ ಸ್ಟೂಲಿನ ಮೇಲೆ ಕೂತು ಮೇಣದ ತುಂಡನ್ನು ತೊಡೆಯ ಮೇಲಿಟ್ಟುಕೊಂಡರು.

"ಸಾಹೇಬ್ರೇ, ಮೇಣ ಹಳೇದು ಅಂದ್ರಲ್ಲ, ಅದು ಸರಿ" ಎಂದು ಶುರು ಮಾಡಿದರು. "ಹೊಸದಾಗಿ ಗೋಡೆಗೆ ಕೂತ ಮೇಣದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಸಿಕ್ಕಿಕೊಂಡಿರುತ್ತೆ. ಅದಕ್ಕೇ ಮೆತ್ತಗಿರುತ್ತೆ. ಅಲ್ಲೇ ಬಿಟ್ರೆ ಒಳಗಿನ ಎಣ್ಣೆ ನಿಧಾನವಾಗಿ ಹೊರಗೆ ಹೋಗುತ್ತೆ, ಹೊರಗಿನ ಮೇಣ ಒಳಗೆ ಬಂದು ಸೇರುತ್ತೆ. ಕೂತಷ್ಟೂ ಗಟ್ಟಿ. ಈ ತುಂಡಿನ ಹೊರಮೈ ಗಟ್ಟಿ, ಅಂದ್ರೆ ತುಂಬ ದಿನದಿಂದ ಗೋಡೆಯನ್ನ ಯಾರೂ ಕೆರೆದಿಲ್ಲ. ಒಳಮೈ ಮೆತ್ತಗಿದೆ, ಅದು ಮೊನ್ನೆ ಮೊನ್ನೆ ಕೂತಿದ್ದು."

"ನಾನು ಹೇಳಿದ್ದೂ ಅದೇ" ಎಂದರು ಸಾಹೇಬರು.

"ಆದ್ರೆ ಈ ಗೀರು? ಗರಗಸ ಕೊಳವೆಯನ್ನ ಅಡ್ಡ ಕೊಯ್ಯುತ್ತೆ. ಈ ಗೀರು ಕೊಳವೆಯ ಉದ್ದಕ್ಕೆ ಇವೆ. ಒಂದು ಪದರ ಎಬ್ಬಿಸಿದ್ರೆ ಕೆಳಗಿನ ಪದರದಲ್ಲೂ ಇವೆ. ಗರಗಸ ಮೇಣದ ಹೊಟ್ಟೆಯೊಳಗೆ ಹೋಗಿ ಪದರಪದರಕ್ಕೂ ಗೀರು ಹಾಕುತ್ತಾ? ಇದು ತಂತಿ ಬ್ರಷ್ಷಿನ ಗುರುತು. ಒಂದು ವಾರ ಮೇಣ ಕೂತಿದೆ, ಚೆಲುವಿ ಅದರ ಮೇಲೆ ಬಾಚಣಿಗೆ ಎಳೆದ ಹಾಗೆ ಹೋಗಿದಾಳೆ. ಮರುವಾರ ಅದರ ಮೇಲೆ ಇನ್ನೊಂದು ಪದರ, ಮತ್ತೆ ಬಾಚಣಿಗೆ. ವಾರವಾರ ತಪ್ಪದೆ ಈ ಕೊಳವೆಯೊಳಗೆ ಹಂದಿ ಹೋಗಿದೆ ಸಾಹೇಬ್ರೇ. ಪಿಕಪ್ಪಲ್ಲಿ ಕೂತು ಹೋದ ಹಂದಿ ಮೇಣದ ಮೇಲೆ ಗೆರೆ ಎಳೆಯೋಕಾಗಲ್ಲ."

ಸಾಹೇಬರು ತುಂಡನ್ನು ಕೈಗೆತ್ತಿಕೊಂಡು ದೀಪದ ಹತ್ತಿರ ಹಿಡಿದರು. ತಾವಾಗಿಯೇ ಒಂದು ಪದರ ಎಬ್ಬಿಸಿ ನೋಡಿದರು. ಅವರ ತೋಳಿಗೆ ಎಣ್ಣೆಯ ಕಲೆ ಹತ್ತಿತು, ಅವರಿಗೆ ಅದರ ಪರಿವೆಯೇ ಇರಲಿಲ್ಲ. ನಾನಂತೂ ಗರಗಸದ ಮಾತು ಯಾರಿಗೂ ನೆನಪಿರದಿರಲಿ ಎಂದು ಕಿಟಕಿಯ ಹೊರಗೆ ನೋಡುತ್ತಾ ನಿಂತೆ.

"ಹಂದಿ ಹೋಗಿದೆ, ಒಪ್ಪಿದೆ" ಎಂದರು ಸಾಹೇಬರು ಕೊನೆಗೆ. "ಹಾಗಾದ್ರೆ ಮೇಣ ಯಾಕೆ ಹೋಗಿಲ್ಲ?"

ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಉಸಿರು ಬಿಟ್ಟಳು. ಮಾವ "ನಾನು ಹೇಳ್ಲಿಲ್ವಾ!" ಎಂದು ತೊಡೆ ತಟ್ಟಿದ. ಅತ್ತೆ ಮಾತ್ರ ನಗಲಿಲ್ಲ.

"ಅವಳು ಬೇಗ ಬರ್ತಿದ್ದದ್ದು ಯಾಕೆ ಅನ್ನೋದರಲ್ಲೇ ಅದರ ಉತ್ತರ ಇದೆ. ನೀರು ಬರೋ ಪೈಪಿನ ಬಾಯನ್ನ ಬೆರಳಲ್ಲಿ ಅರ್ಧ ಮುಚ್ಚಿದ್ರೆ ನೀರು ರಭಸವಾಗಿ ಚಿಮ್ಮುತ್ತಲ್ಲ? ಪಂಪು ಕಳಿಸೋ ಎಣ್ಣೆ ಅಷ್ಟೇ ಇದೆ, ದಾರಿ ಮಾತ್ರ ಮೇಣದಿಂದ ಕಿರಿದಾಗ್ತಿದೆ. ಅದಕ್ಕೇ ಎಣ್ಣೆಯ ಓಟ ಹೆಚ್ಚಿತು, ಅದರ ಜೊತೆ ಚೆಲುವಿಯ ಓಟವೂ ಹೆಚ್ಚಿತು. ಗಾಡೀಲಿ ಬಂದಿದ್ರೆ ಮೊದಲ ವಾರದಿಂದಲೇ ಬೇಗ ಬರ್ಬೇಕಿತ್ತು. ಇವಳು ನಮ್ಮ ಪಿಕಪ್ಪಿನವನ ನಿದ್ದೆ ಮೊದಲು ಕಿತ್ಕೊಂಡು, ಆಮೇಲೆ ಪೇಪರ್ ಕಿತ್ಕೊಂಡು, ಕೊನೆಗೆ ಟೀಗೆ ಕೈ ಹಾಕಿದಾಳೆ. ಕೊಳವೆ ಅಷ್ಟಷ್ಟೇ ಮುಚ್ಕೊಂಡು ಬಂದದ್ದರ ಲೆಕ್ಕ ಅದು. ಇನ್ನು, ಕಿರಿದಾಗಿರೋ ಕೊಳವೇಲಿ ಹಂದಿ ಸಿಕ್ಕಿಹಾಕಿಕೊಳ್ಳದೆ, ಮೇಣ ಕೆರೆಯದೆ, ಆರಾಮವಾಗಿ ಹೋಗ್ಬೇಕಾದ್ರೆ ಏನಾಗಿರ್ಬೇಕು?"

"ಹಂದಿಯೂ ಕಿರಿದಾಗಿರ್ಬೇಕು" ಎಂದಳು ಹುಡುಗಿ ಮೆಲ್ಲಗೆ.

ಅತ್ತೆ ಚೀಲದಿಂದ ಎರಡು ಉಲ್ಲನ್ ಎಳೆಗಳನ್ನು ತೆಗೆದು ಒಂದರ ಪಕ್ಕ ಒಂದು ಜೋತುಬಿಟ್ಟರು. ಹಸಿರು ಎಳೆಗಿಂತ ಕೆಂಪು ಎಳೆ ಒಂದು ಗೇಣಿನಷ್ಟು ಗಿಡ್ಡವಾಗಿತ್ತು. "ಹಸಿರು, ಗುಜರೀಲಿರೋ ಹಂದಿಯದು. ಕೆಂಪು, ಚೆಲುವಿಯದು. ಇಬ್ಬರು ಆಳು ಗಳ ಹಿಡಿದು ತುರುಕ್ತಿದ್ದ ಹಂದಿ ಒಂದೇ ಕೈಗೆ ಕೂರೋ ಹಾಗಾಗಿದ್ದು ಕೈಯ ಕಸುವಿನಿಂದ ಅಲ್ಲ. ಬ್ರಷ್ಷು ಗೀರೋದಷ್ಟೇ, ಮೇಣವನ್ನ ಕೆತ್ತಿ ಮುಂದೆ ತಳ್ಳೋದು ಬಿಲ್ಲೆಯ ಅಂಚು; ಆ ಅಂಚು ಗೋಡೆ ಮುಟ್ಟೋದನ್ನೇ ಬಿಟ್ಟಿದೆ."

ಅತ್ತೆಯ ಕಣ್ಣು ಕೆಟಲಿನ ಹಿಡಿಗೆ ಸುತ್ತಿದ್ದ ರಬ್ಬರ್ ಪಟ್ಟಿಗಳ ಮೇಲೆ ಒಂದು ಕ್ಷಣ ನಿಂತು, ಅಲ್ಲಿಂದ ಸರಿಯಿತು. ಹೆಸರು ಹೇಳಲು ಅವರಿಗೆ ಮನಸ್ಸು ಬರಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ.

"ನಾನೇ" ಎಂದ ಮಾವ. "ಅಂಚು ಹರಿದು ಬಂದಾಗ ಹರಿದಷ್ಟನ್ನ ಸುತ್ತಲೂ ಒಂದು ಸಮ ಕತ್ತರಿಸಿ ಉಜ್ಜಿಡ್ತಿದ್ದೆ. ಉಗುರು ಕತ್ತರಿಸಿದಷ್ಟು, ಅಷ್ಟೇ. ಹರಿದದ್ದು ಕಂಡ್ರೆ ಇವಳನ್ನೂ ಗುಜರಿಗೆ ಹಾಕ್ತಾರಲ್ಲ ಅಂತ. ಕೆರೆಯೋದು ಬ್ರಷ್ಷು, ಬಿಲ್ಲೆ ಬರೀ ಎಣ್ಣೆಯಿಂದ ತಳ್ಳಿಸಿಕೊಳ್ಳೋಕೆ ಅಂದ್ಕೊಂಡಿದ್ದೆ. ಸಲೀಸಾಗಿ ಹೋಗ್ತಾಳೆ, ಬೇಗ ಬರ್ತಾಳೆ ಅಂತ ಹಿಗ್ಗಿದೆ. ಪುಟ್ಟೀ, ನಿನ್ನ ಕುತ್ತಿಗೇಗೇ ಬರುತ್ತೆ ಅಂತ ಗೊತ್ತಿದ್ರೆ ಈ ಕೈನೇ ಕತ್ತರಿಸ್ಕೋತಿದ್ದೆ ಕಣೇ." ಅವನು ಚೆಲುವಿಯ ಮೇಲೆ ಕೈಯಿಟ್ಟು ಅತ್ತುಬಿಟ್ಟ.

"ಹಾಗಾದ್ರೆ ಆದೇಶದಲ್ಲಿ ಹೆಸರು ಬದಲಾಯಿಸಬೇಕು" ಎಂದರು ಸಾಹೇಬರು. ಹೇಳಿದರೇ ವಿನಾ ಅವರ ದನಿಯಲ್ಲಿ ಗಡಸು ಇರಲಿಲ್ಲ.

"ಅದಕ್ಕೆ ಮೊದ್ಲು ಕೊಳವೆ ನೋಡ್ಬೇಕು ಸಾರ್" ಎಂದು ಹುಡುಗಿ ಮುಂದೆ ಬಂದಳು. ಬೆಳಿಗ್ಗೆ ಮಣೆಯ ಮೇಲೆ ಕೂತು ಅಳುತ್ತಿದ್ದವಳು ಇವಳೇನಾ ಎನಿಸಿತು. "ಚಳಿ ಶುರುವಾಗ್ತಿದೆ. ಈಗ ನೀವು ಹೊಸ ಹಂದಿ ತರಿಸಿ ಬಿಟ್ರೆ, ಅಷ್ಟು ಗಟ್ಟಿ ಮೇಣದಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತೆ. ಎಣ್ಣೆ ಪೂರ್ತಿ ನಿಲ್ಲುತ್ತೆ. ಮೊದ್ಲು ಮಾವ ಕತ್ತರಿಸಿದ ಬಿಲ್ಲೆಗಿಂತ ಕೂದಲೆಳೆ ದೊಡ್ಡ ಬಿಲ್ಲೆ ಹಾಕಿ ಬಿಡ್ಬೇಕು. ಒಂದು ಪದರ ಬರುತ್ತೆ. ಆಮೇಲೆ ಅದಕ್ಕಿಂತ ಸ್ವಲ್ಪ ದೊಡ್ಡದು. ಹೀಗೆ ಗೋಡೆ ಸಿಗೋ ತನಕ. ಒಂದೇ ಹಂದಿಯ ಮೈಗೆ ಬಿಲ್ಲೆ ಬದಲಾಯಿಸ್ತಾ ಹೋಗ್ಬೇಕು, ಅಳತೆ ಒಂದು ಚೂರು ಹೆಚ್ಚುಕಮ್ಮಿ ಆಗಬಾರದು. ಹಾಗೆ ರಬ್ಬರ್ ಕತ್ತರಿಸೋ ಕೈ ಈ ಸ್ಟೇಷನ್ನಿನಲ್ಲಿ ಒಂದೇ ಇದೆ."

ಸಾಹೇಬರು ಆ ಹೊತ್ತಿನವರೆಗೆ ಯಾರೂ ಕಾಣದ ಕೆಲಸ ಮಾಡಿದರು: ಮಸಿ ಹಿಡಿದ ಬೆಂಚಿನ ಮೇಲೆ, ಇಸ್ತ್ರಿ ಪ್ಯಾಂಟಿನಲ್ಲೇ, ಕೂತುಬಿಟ್ಟರು.

"ನನ್ನಿಂದ ತಪ್ಪಾಯ್ತಮ್ಮ" ಎಂದರು. "ಒತ್ತಡ ಏರ್ತಿದೆ ಅಂತ ನೀನು ಹೇಳಿದಾಗಲೇ ಕೇಳ್ಬೇಕಿತ್ತು. ಮೈ ಗಟ್ಟಿಯಿರೋ ಹಂದೀನ ಗುಜರಿಗೆ ಹಾಕಿಸಿದ್ದೂ ನಾನೇ. ಬರೋ ತಿಂಗಳು ಯಾಕೆ, ನಾಳೆಯಿಂದಲೇ ನೀನು ಮುಖ್ಯಸ್ಥೆ. ಹಂದಿಯ ಉಸ್ತುವಾರಿ ಎಲ್ಲ ನಿಂದು. ನಿಮ್ಮ ಮಾವನಿಗೆ ಏನು ಶಿಕ್ಷೆ ಅನ್ನೋದನ್ನೂ ನೀನೇ ಹೇಳ್ಬಿಡು."

ಪಿಕಪ್ಪಿನವನು ಶಿಳ್ಳೆ ಹಾಕಲು ಬಾಯಿಗೆ ಬೆರಳಿಟ್ಟವನು ನನ್ನ ಕಣ್ಣು ಕಂಡು ತಡೆದುಕೊಂಡ. ಹುಡುಗಿ ಮಾವನ ಹತ್ತಿರ ಹೋಗಿ, ಅವನ ಜೇಬಿನಿಂದ ರಬ್ಬರ್ ಕತ್ತರಿಸುವ ಚಾಕು ತೆಗೆದುಕೊಂಡಳು. ಮಾವ ತಲೆ ಬಗ್ಗಿಸಿ ನಿಂತ, ಶಾಲೆಯಲ್ಲಿ ಅವಳು ಅಂಕ ಕಮ್ಮಿ ತಂದಾಗ ಅವನೆದುರು ನಿಲ್ಲುತ್ತಿದ್ದ ಹಾಗೇ ಇರಬೇಕು.

"ಇನ್ಮೇಲೆ ಚಾಕು ನನ್ ಹತ್ರ ಇರುತ್ತೆ. ಬೇಕಾದಾಗ ಬಂದು ಕೇಳಿ ತಗೊಂಡು ಹೋಗು" ಎಂದಳು. "ಚೆಲುವಿ ಹರ್ಕೊಂಡು ಬಂದ್ರೆ ಹಾಗೇ, ಮೇಣ ಎಣ್ಣೆ ಸಮೇತ, ತಂದು ನನ್ನ ಟೇಬಲ್ ಮೇಲೆ ಇಡು. ನಾನು ನೋಡಿ ಹೊಸ ಬಿಲ್ಲೆ ಕೊಡ್ತೀನಿ. ಅವಳನ್ನ ಯಾರೂ ಗುಜರಿಗೆ ಹಾಕಲ್ಲ."

ಮಾವ ಕಣ್ಣೊರೆಸಿಕೊಂಡು, ಅಷ್ಟರಲ್ಲೇ ಕೆಲಸದ ಚಿಂತೆಗೆ ಬಿದ್ದ. "ಟೇಬಲ್ಲಾ? ಎಲ್ಲಾ ಹೊಲಸಾಗುತ್ತಲ್ಲೇ ಪುಟ್ಟೀ. ದೊಡ್ಡ ಟೇಬಲ್ಲು, ಮೇಲೆ ಗಾಜು ಬೇರೆ ಹಾಕಿದಾರೆ. ಯಾರಾದ್ರೂ ಏನಾದ್ರೂ ಅಂದಾರು."

"ಯಾರಂತಾರೆ ಮಾವ?" ಎಂದಳು ಹುಡುಗಿ, ನಗುವೂ ಅಳುವೂ ಒಟ್ಟಿಗೇ ಬಂದು. "ಟೇಬಲ್ಲು ನಂದು!"